ಫೋನ್ ಮಾಡದವರಿಗಾಗಿ ಒಂದು ಪುಟ

ನೃತ್ಯಶಾಲೆಗಳಿಗೆ, ಉತ್ಸವ ನಡೆಸುವ ಸಂಸ್ಥೆಗಳಿಗೆ ಕಾರ್ಯಕ್ರಮದ ವೆಬ್ ಪುಟ ಮಾಡಿಕೊಡುವುದು ನನ್ನ ಕೆಲಸ. ಮಕ್ಕಳ ಸ್ಪರ್ಧೆಯ ನೋಂದಣಿ, ಕಾರ್ಯಾಗಾರದ ಪ್ರವೇಶ, ಟಿಕೆಟ್ ಇಟ್ಟು ನಡೆಸುವ ಪ್ರದರ್ಶನ, ಈ ಮೂರೇ ಹೆಚ್ಚು. ಪುಟ ಬೇಕೆಂದು ಬಂದವರು ಬಣ್ಣ, ಫೋಟೊ, ಅಕ್ಷರದ ಅಂದದಿಂದ ಮಾತು ಶುರು ಮಾಡುತ್ತಾರೆ. ನಾನು ಮೊದಲು ಕೇಳುವುದು ಒಂದೇ: ಕಳೆದ ಸಲ ಕಾರ್ಯಕ್ರಮಕ್ಕೆ ಮುಂಚೆ ಜನ ನಿಮಗೆ ಫೋನ್ ಮಾಡಿ ಏನೇನು ವಿಚಾರಿಸಿದರು? ಆ ಪಟ್ಟಿ ಕೈಗೆ ಬಂದರೆ ಪುಟದ ಅರ್ಧ ಕೆಲಸ ಮುಗಿದ ಹಾಗೆ.

ಆ ಕರೆಗಳು ಸಂಘಟಕರಿಗೆ ಕಿರಿಕಿರಿ, ನಿಜ. ಆದರೆ ಫೋನ್ ಮಾಡಿದವರು ಬರುವ ಮನಸ್ಸಿದ್ದವರು. ಅದೇ ಪ್ರಶ್ನೆ ಇದ್ದೂ, ಅಪರಿಚಿತರಿಗೆ ಫೋನ್ ಮಾಡಲು ಸಂಕೋಚಪಟ್ಟು, ರಾತ್ರಿ ಹತ್ತು ಗಂಟೆಗೆ ಪುಟ ಮುಚ್ಚಿ ಮಲಗಿದವರ ಲೆಕ್ಕ ಯಾರ ಬಳಿಯೂ ಇರುವುದಿಲ್ಲ. ಖಾಲಿ ಉಳಿದ ಕುರ್ಚಿಗಳಲ್ಲಿ ಕೆಲವಾದರೂ ಅವರವು. ಕೆಳಗಿನದನ್ನೆಲ್ಲ ನಾನು ಕಲಿತದ್ದು ಅವರನ್ನು ಮನಸ್ಸಿನಲ್ಲಿಟ್ಟುಕೊಂಡು.

1. ಆಮಂತ್ರಣ ಪತ್ರಿಕೆಯೇ ಬೇರೆ, ಪುಟವೇ ಬೇರೆ

ಮೊದಲ ಭೇಟಿಯಲ್ಲಿ ನನ್ನ ಕೈಗೆ ಬರುವುದು ಆಮಂತ್ರಣ ಪತ್ರಿಕೆಯ ಚಿತ್ರ. ಮೇಲೆ ಲಾಂಛನಗಳು, ಉದ್ಘಾಟಕರು, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು. ನರ್ತಿಸುವವರ ಹೆಸರು ಅವರೆಲ್ಲರ ಕೆಳಗೆ. ಸಮಯ, ಸ್ಥಳ ಇನ್ನೂ ಕೆಳಗೆ, ಸಣ್ಣ ಅಕ್ಷರದಲ್ಲಿ. ‘ಇದನ್ನೇ ಹಾಕಿಬಿಡಿ, ಎಲ್ಲ ಇದರಲ್ಲೇ ಇದೆ’ ಎನ್ನುತ್ತಾರೆ. ಮನೆಗೆ ಹೋಗಿ ಕೈಗೆ ಕೊಡುವ ಪತ್ರಿಕೆಯಲ್ಲಿ ಹಿರಿಯರ ಹೆಸರು ಮೊದಲು ಬರಬೇಕಾದದ್ದೇ, ಆ ಮರ್ಯಾದೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಫೋನಿನ ಪರದೆಯ ಮೇಲೆ ಆ ಚಿತ್ರ ಅಂಗೈಯಷ್ಟಾಗುತ್ತದೆ. ಅದರೊಳಗಿನ ವಿಳಾಸವನ್ನು ಒತ್ತಿ ನಕ್ಷೆಗೆ ಹೋಗಲಾಗುವುದಿಲ್ಲ, ಫೋನ್ ನಂಬರನ್ನು ಒತ್ತಿ ಕರೆ ಮಾಡಲಾಗುವುದಿಲ್ಲ. ಗೂಗಲ್‌ಗೆ ಅದರಲ್ಲಿ ಏನು ಬರೆದಿದೆ ಎಂಬುದು ಸರಿಯಾಗಿ ಸಿಗುವುದಿಲ್ಲ. ಕಣ್ಣು ಕಾಣದವರ ಫೋನು ಅದನ್ನು ಸರಿಯಾಗಿ ಓದಿ ಹೇಳಲಾರದು.

ಹಾಗಾಗಿ ಪುಟ ತೆರೆದ ಕೂಡಲೇ, ಬೆರಳಾಡಿಸುವ ಮೊದಲೇ ಕಾಣಬೇಕಾದವು ಇಷ್ಟು: ಏನು ಕಾರ್ಯಕ್ರಮ, ಯಾರ ನೃತ್ಯ, ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ, ಎಷ್ಟು ಹಣ, ಎಲ್ಲಿ ಒತ್ತಬೇಕು. ಅತಿಥಿಗಳಿಗೆ ಕೆಳಗೆ ಫೋಟೊ ಸಮೇತ ಒಂದು ಅಂದವಾದ ಭಾಗ ಮಾಡಿಕೊಡುತ್ತೇನೆ. ಪತ್ರಿಕೆಯ ಚಿತ್ರವನ್ನು ಪುಟದ ಕೊನೆಯಲ್ಲಿ ಪೂರ್ತಿಯಾಗಿ ಹಾಕುತ್ತೇನೆ. ಇಷ್ಟು ಮಾಡಿದ ಮೇಲೆ ಯಾರೂ ಬೇಸರ ಮಾಡಿಕೊಂಡದ್ದನ್ನು ನಾನು ಕಂಡಿಲ್ಲ.

ಕನ್ನಡದ ಅಕ್ಷರಗಳ ಬಗ್ಗೆಯೂ ಇಲ್ಲೇ ಹೇಳಬೇಕು. ಮುದ್ರಣಾಲಯದಿಂದ ಬರುವ ಪಠ್ಯ ಇಂದಿಗೂ ಎಷ್ಟೋ ಸಲ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಸಂಕೇತದಲ್ಲಿರುತ್ತದೆ. ಅದನ್ನು ಹಾಗೇ ತಂದು ಪುಟಕ್ಕೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತದೆ. ಯುನಿಕೋಡ್‌ಗೆ ಬದಲಾಯಿಸಿ, ಆಮೇಲೆ ಹೆಸರುಗಳನ್ನೆಲ್ಲ ಒಂದೊಂದಾಗಿ ಓದಿ ನೋಡಬೇಕು, ಏಕೆಂದರೆ ಬದಲಾಯಿಸುವಾಗ ಅರ್ಕಾವತ್ತು, ಒತ್ತಕ್ಷರಗಳು ಕೆಡುವುದುಂಟು. ಸಾಲಿನಿಂದ ಸಾಲಿಗೆ ಅಂತರವನ್ನೂ ಇಂಗ್ಲಿಷಿಗೆ ಕೊಡುವುದಕ್ಕಿಂತ ಹೆಚ್ಚು ಕೊಡಬೇಕು. ಇಲ್ಲದಿದ್ದರೆ ‘ಲಕ್ಷ್ಮಿ’ಯ ಒತ್ತು ಕೆಳಗಿನ ಸಾಲಿನ ದೀರ್ಘಕ್ಕೆ ಹೋಗಿ ತಾಗುತ್ತದೆ. ರೇಷ್ಮೆ ಸೀರೆ, ಒಡವೆ, ಬೆಳಕು ತುಂಬಿದ ನೃತ್ಯದ ಫೋಟೊ ಮೇಲೆ ಅಕ್ಷರ ಬರೆಯಲೇಬೇಡಿ. ಅಕ್ಷರ ಮತ್ತು ಹಿನ್ನೆಲೆಯ ನಡುವೆ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸ ಇರಬೇಕು ಎಂಬುದು ಜಗತ್ತಿನಾದ್ಯಂತ ಒಪ್ಪಿದ ಅಳತೆ. ಅರವತ್ತು ದಾಟಿದ ರಸಿಕರೇ ಸಭಾಂಗಣದ ಮುಂದಿನ ಸಾಲುಗಳನ್ನು ತುಂಬುವ ನಮ್ಮಲ್ಲಿ ಆ ಅಳತೆಗಿಂತ ಧಾರಾಳವಾಗಿರುವುದೇ ಒಳ್ಳೆಯದು.

2. ಸಂಜೆ ಐದೂವರೆಗೆ ಏನು ಶುರುವಾಗುತ್ತದೆ?

‘ಸಂಜೆ 5.30ಕ್ಕೆ’ ಎಂದು ಬರೆದರೆ ಓದುವವರು ಅದನ್ನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ: ದೀಪ ಬೆಳಗಿಸುವುದು, ಸ್ವಾಗತ, ಭಾಷಣ, ಸನ್ಮಾನ ಎಲ್ಲ ಮುಗಿದು ನೃತ್ಯ ಶುರುವಾಗುವುದು ಏಳಕ್ಕೆ, ನಿಧಾನಕ್ಕೆ ಹೋದರಾಯಿತು. ಎಲ್ಲರೂ ಹೀಗೆ ಯೋಚಿಸುವುದರಿಂದ ಸಭೆಯಲ್ಲಿ ಜನರಿರುವುದಿಲ್ಲ, ಜನ ಬರಲೆಂದು ಸಭೆಯನ್ನೇ ತಡ ಮಾಡುತ್ತಾರೆ, ಕೊನೆಗೆ ಪೆಟ್ಟು ಬೀಳುವುದು ನೃತ್ಯದ ಸಮಯಕ್ಕೆ. ನರ್ತಕಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ವರ್ಣವನ್ನು ಅವಸರದಲ್ಲಿ ಮೊಟಕು ಮಾಡುವುದನ್ನು ನೋಡುವುದು ಬಹಳ ನೋವಿನ ಸಂಗತಿ.

ಸಮಯವನ್ನು ಬಿಡಿಸಿ ಬರೆಯಿರಿ: ಬಾಗಿಲು ತೆರೆಯುವುದು ಇಷ್ಟಕ್ಕೆ, ಸಭಾ ಕಾರ್ಯಕ್ರಮ ಇಷ್ಟಕ್ಕೆ, ನೃತ್ಯ ಇಷ್ಟಕ್ಕೆ, ಮುಗಿಯುವುದು ಇಷ್ಟಕ್ಕೆ. ಬರೆದ ಮೇಲೆ ಅದರಂತೆ ನಡೆಯಿರಿ. ಬೆಂಗಳೂರಿನ ಜೆ.ಪಿ. ನಗರದಲ್ಲಿ 2004ರಲ್ಲಿ ಶುರುವಾದ ರಂಗಶಂಕರ, ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ ಎಂಬ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿ ಒಂದು ಪ್ರೇಕ್ಷಕ ವರ್ಗಕ್ಕೇ ಹೊತ್ತಿನ ಶಿಸ್ತು ಕಲಿಸಿತು. ಅಂಥ ನಿಯಮ ನಿಮ್ಮಲ್ಲೂ ಇದ್ದರೆ ಅದನ್ನು ಷರತ್ತುಗಳ ಪಟ್ಟಿಯಲ್ಲಿ ಹೂತಿಡದೆ ಸಮಯದ ಪಕ್ಕದಲ್ಲೇ ಹೇಳಿ. ಮುಕ್ತಾಯದ ಸಮಯವನ್ನಂತೂ ಬಿಡಲೇಬೇಡಿ. ಬಸ್ಸು, ಮೆಟ್ರೊ, ಮರುದಿನ ಬೆಳಗ್ಗೆ ಮಕ್ಕಳ ಶಾಲೆ ಇವನ್ನೆಲ್ಲ ಹೊಂದಿಸಿ ಬರುವವರಿಗೆ ಆರಂಭದಷ್ಟೇ ಮುಕ್ತಾಯವೂ ಮುಖ್ಯ.

ಕರಾವಳಿಯಲ್ಲಿ ಇದು ಇನ್ನೂ ಸ್ಪಷ್ಟ. ಯಕ್ಷಗಾನದ ಪುಟಕ್ಕೆ ಬರುವವರಿಗೆ ಮೊದಲು ಬೇಕಾದದ್ದು ಆಟ ಕಾಲಮಿತಿಯದೋ ಬೆಳಗಿನವರೆಗಿನದೋ ಎಂಬುದು. ಆಮೇಲೆ ತೆಂಕೋ ಬಡಗೋ, ಪ್ರಸಂಗ ಯಾವುದು, ಭಾಗವತರು ಯಾರು, ಯಾವ ಪಾತ್ರಕ್ಕೆ ಯಾರು. ಅಲ್ಲಿನ ಸಂಘಟಕರಿಗೆ ಇದು ಗೊತ್ತಿರುವುದರಿಂದ ಕರಪತ್ರದಲ್ಲಿ ಭಾಗವತರ ಹೆಸರು ದೊಡ್ಡದಾಗಿಯೇ ಇರುತ್ತದೆ. ಭರತನಾಟ್ಯದ ಪುಟದಲ್ಲಿ ಹಾಡುವವರ ಹೆಸರು, ನಟ್ಟುವಾಂಗ ಮಾಡುವ ಗುರುಗಳ ಹೆಸರು ಹುಡುಕಿದರೂ ಸಿಗದಿರುವುದು ನನಗೆ ಸರಿ ಕಾಣುವುದಿಲ್ಲ. ಹಿಮ್ಮೇಳದವರೆಲ್ಲರ ಹೆಸರೂ ಪುಟದಲ್ಲಿರಬೇಕು. ಮೃದಂಗದವರನ್ನು ಕೇಳಲೆಂದೇ ಬರುವವರಿದ್ದಾರೆ.

3. ಸ್ಥಳ ಎಂದರೆ ಗೇಟು

ಪುರಭವನ ಬೆಂಗಳೂರಿನಲ್ಲೂ ಇದೆ, ಮೈಸೂರಿನಲ್ಲೂ ಇದೆ, ಮಂಗಳೂರಿನಲ್ಲೂ ಇದೆ. ವಾಟ್ಸ್ಆ್ಯಪ್‌ನಲ್ಲಿ ಊರಿಂದೂರಿಗೆ ಹಾರುವ ಕೊಂಡಿಯಲ್ಲಿ ಊರಿನ ಹೆಸರು ಮೊದಲು ಬರಲಿ. ನಕ್ಷೆಯ ಗುರುತನ್ನು ಕಟ್ಟಡದ ನಡುವೆ ಇಡದೆ ಜನ ಒಳಗೆ ಹೋಗುವ ಗೇಟಿನ ಮೇಲೆ ಇಡಿ; ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಒಂದು ತಿರುವು ತಪ್ಪಿದರೆ ಕಾರಿನವರು ಮತ್ತೊಂದು ಸುತ್ತು ಹಾಕಿಯೇ ಬರಬೇಕು. ವಾಹನ ನಿಲುಗಡೆ ಉಂಟೋ ಇಲ್ಲವೋ, ಮೆಟ್ಟಿಲೆಷ್ಟು, ಗಾಲಿಕುರ್ಚಿಗೆ ಇಳಿಜಾರಿದೆಯೋ, ಬಾಲ್ಕನಿಗೆ ಲಿಫ್ಟ್ ಇದೆಯೋ ಎಂಬುದನ್ನೂ ಬರೆಯಿರಿ. ಇಲ್ಲದಿದ್ದರೆ ‘ಇಲ್ಲ’ ಎಂದೇ ಬರೆಯಿರಿ. ಮಂಡಿ ನೋವಿರುವ ಅಜ್ಜಿಯನ್ನು ಕರೆತರುವವರು ಆಗ ಕೆಳಗಿನ ಸಾಲಿನ ಟಿಕೆಟ್ಟನ್ನೇ ತೆಗೆದುಕೊಳ್ಳುತ್ತಾರೆ.

4. ಅರ್ಜಿ ತುಂಬುವುದು ಮಗು ಅಲ್ಲ, ಅಮ್ಮ

ಸ್ಪರ್ಧೆಯ ನೋಂದಣಿ ಪುಟವೇ ಇವೆಲ್ಲದರಲ್ಲಿ ಕಷ್ಟದ್ದು. ಅದನ್ನು ತುಂಬುವವರು ಅಡುಗೆ, ಆಫೀಸು, ಮನೆಗೆಲಸದ ನಡುವೆ ಫೋನಿನಲ್ಲಿ ಬೆರಳಾಡಿಸುವ ತಾಯಿ, ಕೆಲವೊಮ್ಮೆ ತಂದೆ. ‘ನಿಮ್ಮ ಹೆಸರು’ ಎಂದು ಕೇಳಿದರೆ ಅವರು ತಮ್ಮ ಹೆಸರನ್ನೇ ಬರೆಯುತ್ತಾರೆ, ಕೊನೆಗೆ ಪ್ರಶಸ್ತಿ ಪತ್ರದಲ್ಲಿ ಅಮ್ಮನ ಹೆಸರು ಅಚ್ಚಾಗುತ್ತದೆ. ‘ಸ್ಪರ್ಧಿಯ ಹೆಸರು – ಪ್ರಶಸ್ತಿ ಪತ್ರದಲ್ಲಿ ಹೇಗೆ ಬರಬೇಕೋ ಹಾಗೆ’ ಎಂದು ಕೇಳಿ. ಕನ್ನಡದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ಕೇಳಿದರೆ ಇನ್ನೂ ಒಳ್ಳೆಯದು. ಮಗುವಿಗೆ ತನ್ನ ಹೆಸರು ಸರಿಯಾಗಿ ಅಚ್ಚಾಗಿರುವುದು ಬಹುಮಾನಕ್ಕಿಂತ ಕಡಿಮೆಯ ಸಂಗತಿ ಏನಲ್ಲ.

ವಿಭಾಗಗಳ ಹೆಸರಿನಲ್ಲಿ ನಮ್ಮ ರಾಜ್ಯದಲ್ಲಿ ಒಂದು ವಿಶೇಷ ತೊಡಕಿದೆ. ‘ಜೂನಿಯರ್’, ‘ಸೀನಿಯರ್’ ಎಂದು ಬರೆದರೆ ಕೆಲವರು ಅದನ್ನು ವಯಸ್ಸು ಎಂದುಕೊಳ್ಳುತ್ತಾರೆ. ಇನ್ನು ಕೆಲವರು ಸರ್ಕಾರಿ ನೃತ್ಯ ಪರೀಕ್ಷೆಯ ಜೂನಿಯರ್, ಸೀನಿಯರ್ ಹಂತ ಎಂದುಕೊಳ್ಳುತ್ತಾರೆ. ಹತ್ತು ವರ್ಷದ, ಜೂನಿಯರ್ ಪರೀಕ್ಷೆ ಪಾಸಾದ ಹುಡುಗಿ ಎಲ್ಲಿಗೆ ಸೇರಬೇಕು? ಹಾಗಾಗಿ ವಿಭಾಗಕ್ಕೆ ಹೆಸರಿಡುವ ಗೋಜಿಗೆ ಹೋಗದೆ ವಯಸ್ಸನ್ನೇ ಬರೆಯುತ್ತೇನೆ: 6ರಿಂದ 9 ವರ್ಷ, 10ರಿಂದ 13 ವರ್ಷ, ಹೀಗೆ. ಯಾವ ದಿನಾಂಕಕ್ಕೆ ತುಂಬಿದ ವಯಸ್ಸು ಎಂಬುದು ಅದರ ಪಕ್ಕದಲ್ಲೇ ಇರಬೇಕು. ಹುಟ್ಟಿದ ದಿನಾಂಕ ಕೊಟ್ಟರೆ ಪುಟವೇ ವಿಭಾಗವನ್ನು ಆರಿಸಿ ತೋರಿಸುವಂತೆ ಮಾಡುವುದು ದೊಡ್ಡ ಕೆಲಸವಲ್ಲ, ಅದರಿಂದ ತಪ್ಪುವ ಜಗಳಗಳು ಮಾತ್ರ ಬಹಳ.

‘8 ವರ್ಷದೊಳಗಿನವರು’, ‘8ರಿಂದ 12’ ಎಂದೆಲ್ಲ ಬರೆದಾಗ ಸರಿಯಾಗಿ ಎಂಟು ತುಂಬಿದ ಮಗು ಎರಡೂ ಕಡೆ ಸೇರುತ್ತದೆಯೋ ಎಂಬ ಗೊಂದಲ ಹುಟ್ಟುತ್ತದೆ. ಅಂಚಿನ ಸಂಖ್ಯೆ ಒಂದೇ ವಿಭಾಗದಲ್ಲಿರಲಿ. ಏಕವ್ಯಕ್ತಿ, ಜೋಡಿ, ತಂಡ ಇವಕ್ಕೆ ಬೇರೆ ಬೇರೆ ಅರ್ಜಿಗಳೇ ಇರಲಿ. ತಂಡದ ಅರ್ಜಿಯನ್ನು ತುಂಬುವವರು ಸಾಮಾನ್ಯವಾಗಿ ಶಾಲೆಯ ಗುರುಗಳು. ಹನ್ನೆರಡು ಮಕ್ಕಳ ವಿವರವನ್ನು ಒಂದೇ ಸಲ ಕೂತು ತುಂಬಲು ಅವರಿಗೆ ಆಗುವುದಿಲ್ಲ. ಅರ್ಧಕ್ಕೆ ಉಳಿಸಿ ನಾಳೆ ಮುಂದುವರಿಸುವ ಅನುಕೂಲ ಬೇಕು. ಒಂದೇ ಮನೆಯ ಅಕ್ಕ ತಂಗಿಯರನ್ನು ಸೇರಿಸುವಾಗ ವಿಳಾಸ, ಫೋನ್ ನಂಬರ್ ಮತ್ತೆ ಕೇಳಬಾರದು.

ಆಮೇಲೆ ಹಾಡು. ಧ್ವನಿಮುದ್ರಿತ ಸಂಗೀತಕ್ಕೆ ನರ್ತಿಸುವ ಸ್ಪರ್ಧೆಯಲ್ಲಿ ದಿನವಿಡೀ ಗೋಳು ಹೊಯ್ದುಕೊಳ್ಳುವುದು ಇದೇ. ಒಬ್ಬರು ಪೆನ್ ಡ್ರೈವ್ ತರುತ್ತಾರೆ, ಒಬ್ಬರು ಫೋನಿನಲ್ಲಿ, ಮತ್ತೊಬ್ಬರು ವಾಟ್ಸ್ಆ್ಯಪ್‌ನಲ್ಲಿ ಕಳಿಸಿರುತ್ತಾರೆ. ಕಡತಗಳ ಹೆಸರೆಲ್ಲ ‘ಆಡಿಯೊ’, ‘ಟ್ರ್ಯಾಕ್ 1’. ವೇದಿಕೆಯ ಮೇಲೆ ಪುಟ್ಟ ಹುಡುಗಿ ನಮಸ್ಕಾರದ ಭಂಗಿಯಲ್ಲಿ ಕಾಯುತ್ತಾ ನಿಂತಿರುವಾಗ ಧ್ವನಿವರ್ಧಕದಲ್ಲಿ ಬೇರೆಯವರ ತಿಲ್ಲಾನ ಶುರುವಾದರೆ ಆ ಮಗುವಿನ ಮುಖ ನೋಡಲಾಗುವುದಿಲ್ಲ. ಹಾಡನ್ನು ನೋಂದಣಿಯ ಜೊತೆಗೇ ಪುಟಕ್ಕೆ ಸೇರಿಸಿಕೊಳ್ಳಿ. ಸೇರಿದ ಕೂಡಲೇ ಕಡತದ ಹೆಸರನ್ನು ಸ್ಪರ್ಧಿಯ ಕ್ರಮಸಂಖ್ಯೆಗೆ ತಂತ್ರಾಂಶವೇ ಬದಲಾಯಿಸಲಿ. ಸೇರಿಸಿದವರಿಗೆ ಅಲ್ಲೇ ನುಡಿಸಿ ಕೇಳುವ ಗುಂಡಿ ಕೊಡಿ. ಎಷ್ಟು ನಿಮಿಷದ ಮಿತಿ ಎಂಬುದು ಹಾಡು ಸೇರಿಸುವ ಜಾಗದಲ್ಲೇ ಬರೆದಿರಬೇಕು, ಮಿತಿ ಮೀರಿದರೆ ಅಲ್ಲೇ ಹೇಳಬೇಕು. ಹಾಡು ಇನ್ನೂ ಸಿದ್ಧವಿಲ್ಲದವರಿಗೆ ಆಮೇಲೆ ಸೇರಿಸಲು ಕೊನೆಯ ದಿನ ತಿಳಿಸಿ, ಹಿಂದಿನ ದಿನ ನೆನಪಿನ ಸಂದೇಶ ಕಳಿಸಿ.

ಬೇಡದ ಪ್ರಶ್ನೆಗಳನ್ನು ಕಿತ್ತುಹಾಕುವುದು ಬೇಕಾದದ್ದನ್ನು ಸೇರಿಸುವಷ್ಟೇ ಮುಖ್ಯ. ತಂದೆಯ ಉದ್ಯೋಗ, ಮನೆಯ ಪೂರ್ತಿ ವಿಳಾಸ, ಆಧಾರ್ ಪ್ರತಿ ಯಾಕೆ ಬೇಕು? ವಯಸ್ಸಿನ ದಾಖಲೆಯನ್ನು ಸ್ಪರ್ಧೆಯ ದಿನ ಕಣ್ಣಿನಲ್ಲಿ ನೋಡಿ ವಾಪಸು ಕೊಟ್ಟರೆ ಸಾಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳು, ಅವರ ವಿವರ ಬಳಸಲು ತಂದೆ ತಾಯಿಯ ಖಚಿತ ಒಪ್ಪಿಗೆ ಬೇಕು. ಕಾಯ್ದೆ ಇಲ್ಲದಿದ್ದರೂ ಇದು ಮಾಡಬೇಕಾದದ್ದೇ. ಫೋಟೊ, ವಿಡಿಯೊಗಳನ್ನು ಪ್ರಚಾರಕ್ಕೆ ಬಳಸುವ ಒಪ್ಪಿಗೆಯನ್ನು ಬೇರೆಯಾಗಿ ಕೇಳಿ. ಅದಕ್ಕೆ ಬೇಡ ಎಂದವರ ಮಗುವಿಗೂ ಸ್ಪರ್ಧೆಯಲ್ಲಿ ಜಾಗ ಇರಲೇಬೇಕು.

5. ಕಾರ್ಯಾಗಾರದಲ್ಲಿ ಏನು ಕಲಿಸುತ್ತೀರಿ?

ಹಿರಿಯ ಕಲಾವಿದೆಯ ಹೆಸರು, ದೊಡ್ಡ ಫೋಟೊ, ‘ಎರಡು ದಿನಗಳ ಕಾರ್ಯಾಗಾರ’ ಎಂಬ ಸಾಲು. ಇಷ್ಟೇ ಇರುವ ಪುಟಗಳು ಬಹಳ. ಕಲಿಯಲು ಬರುವವರಿಗೆ ಬೇಕಾದ ವಿವರ ಬೇರೆಯೇ. ವರ್ಣವೋ ಪದವೋ ಜಾವಳಿಯೋ? ಯಾವ ರಾಗ, ಯಾವ ತಾಳ? ಪೂರ್ತಿ ಕಲಿಸುವಿರೋ ಒಂದು ಭಾಗವೋ? ಅಡವುಗಳು ಮುಗಿದವರಿಗೆ ಸಾಕೋ, ಮಾರ್ಗ ಕಲಿತಿರಬೇಕೋ? ಕಲಿತದ್ದನ್ನು ಮುಂದೆ ವೇದಿಕೆಯಲ್ಲಿ ಮಾಡಬಹುದೋ? ಧ್ವನಿಮುದ್ರಣ ಕೊಡುವಿರೋ? ಬೇರೆ ಬಾನಿಯವರು ಬರಬಹುದೋ? ಈ ಕೊನೆಯದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಬಹಳ ಜನರನ್ನು ತಡೆದು ನಿಲ್ಲಿಸುವುದು ಅದೇ. ತಮ್ಮ ಗುರುಗಳು ಏನೆಂದುಕೊಂಡಾರು ಎಂಬ ಅಳುಕು ಶಿಷ್ಯರಿಗೆ ಇದ್ದೇ ಇರುತ್ತದೆ. ‘ಎಲ್ಲ ಬಾನಿಯ ವಿದ್ಯಾರ್ಥಿಗಳಿಗೂ ಸ್ವಾಗತ, ನಿಮ್ಮ ಗುರುಗಳಿಗೆ ತಿಳಿಸಿ ಬನ್ನಿ’ ಎಂಬ ಒಂದು ಸಾಲು ಆ ಅಳುಕನ್ನು ಗೌರವದಿಂದ ಕಳೆಯುತ್ತದೆ.

ಆನ್‌ಲೈನ್ ಕಾರ್ಯಾಗಾರವಾದರೆ ಅಮೆರಿಕದ ಕನ್ನಡ ಕುಟುಂಬಗಳ ಮಕ್ಕಳೂ ಬರುತ್ತಾರೆ. ಅವರಿಗೆ ‘ಭಾರತೀಯ ಕಾಲಮಾನ ಸಂಜೆ 7’ ಎಂದಷ್ಟೇ ಹೇಳಿದರೆ ಸಾಲದು. ಅದು ಬೇಸಿಗೆಯಲ್ಲಿ ನ್ಯೂಜೆರ್ಸಿಯಲ್ಲಿ ಬೆಳಗ್ಗೆ 9.30, ಕ್ಯಾಲಿಫೋರ್ನಿಯಾದಲ್ಲಿ ಬೆಳಗ್ಗೆ 6.30. ಅಲ್ಲಿ ನವೆಂಬರಿನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಿಡುತ್ತಾರೆ, ಮಾರ್ಚಿನ ಎರಡನೆಯ ಭಾನುವಾರ ಮುಂದಿಡುತ್ತಾರೆ. ನವೆಂಬರಿನ ಆ ಭಾನುವಾರ ನಡುವೆ ಬಂದರೆ ಅದೇ ತರಗತಿ ನ್ಯೂಜೆರ್ಸಿಯವರಿಗೆ 8.30ಕ್ಕೆ ಸರಿಯುತ್ತದೆ. ನೋಡುವವರ ಊರಿನ ಹೊತ್ತನ್ನು ಪುಟವೇ ಲೆಕ್ಕ ಹಾಕಿ ತೋರಿಸಲಿ. ದಿನಾಂಕದಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ, ವಾರವನ್ನೂ ಸೇರಿಸಿ. 7/12 ಎಂದರೆ ಅಲ್ಲಿನವರಿಗೆ ಜುಲೈ 12.

6. ಬೆಲೆಯನ್ನು ನಾಚದೆ ಹೇಳಿ

ಶಾಸ್ತ್ರೀಯ ನೃತ್ಯಕ್ಕೆ ಟಿಕೆಟ್ ಇಡುವುದು ನಮ್ಮಲ್ಲಿ ಇನ್ನೂ ಸಂಕೋಚದ ವಿಷಯ. ರಂಗಪ್ರವೇಶಕ್ಕೆ, ವಾರ್ಷಿಕೋತ್ಸವಕ್ಕೆ, ಅನುದಾನದಲ್ಲಿ ನಡೆಯುವ ಉತ್ಸವಕ್ಕೆ ‘ಪ್ರವೇಶ ಉಚಿತ, ಸರ್ವರಿಗೂ ಸ್ವಾಗತ’ ಎಂದೇ ನೋಡಿ ಬೆಳೆದವರು ನಾವು. ಹಾಗಾಗಿ ಟಿಕೆಟ್ ಇಟ್ಟ ಕಾರ್ಯಕ್ರಮದ ಪುಟದಲ್ಲೂ ಬೆಲೆಯನ್ನು ಮೂಲೆಯಲ್ಲಿ ಬಚ್ಚಿಡುತ್ತಾರೆ, ‘ದಾನಿಗಳ ಪಾಸ್’ ಎಂದು ಬರೆಯುತ್ತಾರೆ. ಓದುವವರಿಗೆ ಅದು ಕೊಳ್ಳುವಂಥದ್ದೋ, ಯಾರನ್ನಾದರೂ ಹಿಡಿದು ಪಡೆಯುವಂಥದ್ದೋ ತಿಳಿಯುವುದಿಲ್ಲ. ‘ಪಾಸ್ ಸಿಗುತ್ತದಾ?’ ಎಂಬ ಫೋನ್ ಕರೆಗಳಿಗೆ ಮೂಲ ಇದೇ.

ಬೆಲೆಯನ್ನು ದಿನಾಂಕದಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಿರಿ. ವಿದ್ಯಾರ್ಥಿಗಳಿಗೆ ಎಷ್ಟು, ಚಿಕ್ಕ ಮಕ್ಕಳಿಗೆ ಟಿಕೆಟ್ ಬೇಕೋ, ಎಷ್ಟು ವರ್ಷದೊಳಗಿನವರನ್ನು ಒಳಗೆ ಬಿಡುವುದಿಲ್ಲ ಎಂಬುದೂ ಅಲ್ಲೇ ಇರಲಿ. ಸಭಾಂಗಣದ ಬಾಡಿಗೆ, ಬೆಳಕು, ಹಾಡುಗಾರರು, ಮೃದಂಗ, ಕೊಳಲು, ಪಿಟೀಲು, ಪ್ರಸಾಧನ ಇಷ್ಟೂ ಖರ್ಚನ್ನು ಎಷ್ಟೋ ಸಲ ನರ್ತಕಿಯ ಮನೆಯವರೇ ಭರಿಸುತ್ತಾರೆ. ಟಿಕೆಟ್ ಹಣ ಯಾರಿಗೆ ಸಲ್ಲುತ್ತದೆ ಎಂದು ಎರಡು ಸಾಲಿನಲ್ಲಿ ನೇರವಾಗಿ ಬರೆದ ಪುಟಗಳಲ್ಲಿ ಜನ ಚೌಕಾಸಿ ಮಾಡುವುದು ಕಡಿಮೆ ಎಂಬುದು ನಾನು ಕಂಡದ್ದು.

ಕೊನೆಯ ಹಂತದಲ್ಲಿ ಬೆಲೆ ಏರಬಾರದು. 300 ರೂಪಾಯಿ ಎಂದು ತೋರಿಸಿ ಹಣ ಕಟ್ಟುವಾಗ ‘ಅನುಕೂಲ ಶುಲ್ಕ’ ಸೇರಿಸಿ 330 ಮಾಡಿದರೆ ಅನೇಕರು ಅಲ್ಲಿಗೇ ಬಿಟ್ಟು ಹೋಗುತ್ತಾರೆ. ಕಾರ್ಡಿನಲ್ಲಿ ಕಟ್ಟಿದರೆ ಪಾವತಿ ಗೇಟ್‌ವೇ ಹಿಡಿಯುವುದು ಸಾಮಾನ್ಯವಾಗಿ ಶೇ 2ರ ಆಸುಪಾಸು, ಅದರ ಮೇಲೆ ಶೇ 18 ಜಿಎಸ್‌ಟಿ. 300 ರೂಪಾಯಿಗೆ ಅದು ಸುಮಾರು 7 ರೂಪಾಯಿ ಆಗುತ್ತದೆ. ಅದನ್ನು ಮೊದಲೇ ಬೆಲೆಯೊಳಗೆ ಸೇರಿಸಿಕೊಳ್ಳಿ. ಒಬ್ಬರಿಗೆ 500 ರೂಪಾಯಿವರೆಗಿನ ನೃತ್ಯ, ನಾಟಕ, ಸಂಗೀತದ ಟಿಕೆಟ್ಟಿಗೆ ಜಿಎಸ್‌ಟಿ ವಿನಾಯಿತಿ ಇದೆ. 2018ರ ಜನವರಿಯವರೆಗೆ ಈ ಮಿತಿ 250 ಇತ್ತು. 500ಕ್ಕಿಂತ ಹೆಚ್ಚಿನ ಬೆಲೆ ಇಡುವ ಮುಂಚೆ ಲೆಕ್ಕ ಪರಿಶೋಧಕರನ್ನು ವಿಚಾರಿಸಿ.

7. ಹಣ ಹೋಯಿತು, ಟಿಕೆಟ್ ಬರಲಿಲ್ಲ

ಪುಟದ ಮೇಲೆ ಕ್ಯೂಆರ್ ಕೋಡ್ ಹಾಕಿ ‘ಸ್ಕ್ಯಾನ್ ಮಾಡಿ ಹಣ ಕಳಿಸಿ, ಸ್ಕ್ರೀನ್‌ಶಾಟನ್ನು ಈ ನಂಬರಿಗೆ ವಾಟ್ಸ್ಆ್ಯಪ್ ಮಾಡಿ’ ಎನ್ನುವ ಕ್ರಮ ಎಲ್ಲೆಡೆ ಇದೆ. ಯೋಚಿಸಿ ನೋಡಿ: ಪುಟ ತೆರೆದಿರುವುದೂ ಅದೇ ಫೋನಿನಲ್ಲಿ, ಸ್ಕ್ಯಾನ್ ಮಾಡಬೇಕಾದದ್ದೂ ಅದೇ ಫೋನಿನಿಂದ. ಕೆಲವರಿಗೆ ಚಿತ್ರ ಉಳಿಸಿ ಯುಪಿಐ ಆ್ಯಪ್‌ನೊಳಗೆ ತೆರೆಯುವುದು ಗೊತ್ತು, ಬಹಳ ಜನರಿಗೆ ಗೊತ್ತಿಲ್ಲ. ಒತ್ತಿದರೆ ಸೀದಾ ಯುಪಿಐ ಆ್ಯಪ್ ತೆರೆಯುವ ಗುಂಡಿ ಕೊಡಿ. ಕ್ಯೂಆರ್ ಕೋಡ್ ಕಂಪ್ಯೂಟರಿನಲ್ಲಿ ನೋಡುವವರಿಗೆ ಮಾತ್ರ ಕಾಣಲಿ. ಯಾರದೋ ಸ್ವಂತ ಖಾತೆಗೆ ಹಣ ಹಾಕಿಸಿಕೊಂಡು ಸ್ಕ್ರೀನ್‌ಶಾಟ್‌ಗಳ ರಾಶಿಯಲ್ಲಿ ಯಾರು ಯಾವ ವಿಭಾಗಕ್ಕೆ ಕಟ್ಟಿದರು ಎಂದು ಹುಡುಕುತ್ತಾ ಕಳೆಯುವ ರಾತ್ರಿಗಳಿಗಿಂತ ಗೇಟ್‌ವೇ ಶುಲ್ಕ ಅಗ್ಗ.

ಹಣ ಕಟ್ಟುವ ಗುಂಡಿಯ ಆಚೆ ಮೂರು ಪರದೆಗಳು ಬೇಕು. ಬಹುತೇಕರು ಎರಡನ್ನಷ್ಟೇ ಮಾಡುತ್ತಾರೆ, ಆಯಿತು ಮತ್ತು ಆಗಲಿಲ್ಲ. ಮೂರನೆಯದು, ಬ್ಯಾಂಕಿನಲ್ಲಿ ಹಣ ಕಡಿತವಾಗಿ ನಮಗೆ ಇನ್ನೂ ಖಚಿತವಾಗದ ಸ್ಥಿತಿ. ಆಗ ಜನ ಗಾಬರಿಯಿಂದ ಮತ್ತೆ ಕಟ್ಟುತ್ತಾರೆ. ಅಲ್ಲಿ ಕನ್ನಡದಲ್ಲಿ, ಸಮಾಧಾನದ ಧಾಟಿಯಲ್ಲಿ ಹೀಗೆ ಬರೆದಿರಬೇಕು: ‘ನಿಮ್ಮ ಹಣ ಎಲ್ಲೂ ಹೋಗಿಲ್ಲ. ಮತ್ತೆ ಕಟ್ಟಬೇಡಿ. ನಿಮ್ಮ ಸೀಟನ್ನು 15 ನಿಮಿಷ ಕಾಯ್ದಿರಿಸಿದ್ದೇವೆ. ಖಚಿತವಾದ ಕೂಡಲೇ ಸಂದೇಶ ಬರುತ್ತದೆ.’ ಖಚಿತವಾಗದೇ ಹೋದರೆ, ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ನಿಯಮದಂತೆ, ವ್ಯಾಪಾರಿಗಳಿಗೆ ಮಾಡಿದ ಇಂಥ ಯುಪಿಐ ಪಾವತಿ ಐದು ದಿನದೊಳಗೆ ತಾನಾಗಿಯೇ ಖಾತೆಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಉಂಟು. ಈ ಮಾತನ್ನೂ ಆ ಪರದೆಯ ಮೇಲೆ ಹಾಕಿ.

ಟಿಕೆಟ್ ಇಮೇಲಿಗೆ ಮಾತ್ರ ಹೋದರೆ ಸಾಲದು, ಫೋನಿಗೂ ಬರಬೇಕು. ಕಾರ್ಯಕ್ರಮದ ದಿನ ಗೇಟಿನಲ್ಲಿ ನೆಟ್‌ವರ್ಕ್ ಸಿಗುತ್ತದೆ ಎಂಬ ನಂಬಿಕೆ ಬೇಡ. ಮೊದಲೇ ತೆಗೆದಿಟ್ಟ ಸ್ಕ್ರೀನ್‌ಶಾಟ್ ಸಾಕು ಎಂದು ಟಿಕೆಟ್ಟಿನಲ್ಲೇ ಬರೆಯಿರಿ. ಬಾಗಿಲಲ್ಲಿ ನಿಂತ ಸ್ವಯಂಸೇವಕರ ಕೈಯಲ್ಲಿ ಅಚ್ಚು ಹಾಕಿದ ಹೆಸರಿನ ಪಟ್ಟಿಯೂ ಇರಲಿ.

8. ವಾಟ್ಸ್ಆ್ಯಪ್‌ನಲ್ಲಿ ಕಾಣುವ ಚೌಕ

ನಿಮ್ಮ ಪುಟವನ್ನು ಜನ ಮೊದಲು ನೋಡುವುದು ಪುಟದಲ್ಲಲ್ಲ, ತಾಯಂದಿರ ಗುಂಪಿಗೆ ಬಂದು ಬಿದ್ದ ಕೊಂಡಿಯ ಜೊತೆಗಿನ ಪುಟ್ಟ ಚಿತ್ರದಲ್ಲಿ, ಎರಡು ಸಾಲಿನ ಶೀರ್ಷಿಕೆಯಲ್ಲಿ. ಅಲ್ಲಿ ‘ಮುಖಪುಟ’ ಎಂದೋ ತಂತ್ರಾಂಶದ ಹೆಸರೋ ಬಂದರೆ ಮೋಸದ ಕೊಂಡಿ ಇರಬಹುದೆಂದು ಯಾರೂ ಒತ್ತುವುದಿಲ್ಲ. ಕಾರ್ಯಕ್ರಮ, ಊರು, ದಿನಾಂಕ ಆ ಶೀರ್ಷಿಕೆಯಲ್ಲೇ ಇರಲಿ. ಅದಕ್ಕೆಂದೇ 1200ಕ್ಕೆ 630 ಅಳತೆಯ ಬೇರೆ ಚಿತ್ರ ಮಾಡಿಸಿ, ಅದರಲ್ಲಿ ಒಬ್ಬ ನರ್ತಕಿ ಸಾಕು.

9. ಕಾರ್ಯಕ್ರಮ ನಿಂತಾಗ

2024ರ ಡಿಸೆಂಬರಿನಲ್ಲಿ, ನೃತ್ಯೋತ್ಸವಗಳ ಋತುವಿನ ನಡುವೆಯೇ, ಎಸ್.ಎಂ. ಕೃಷ್ಣ ಅವರು ತೀರಿಕೊಂಡಾಗ ರಾಜ್ಯದಲ್ಲಿ ಮೂರು ದಿನಗಳ ಶೋಕಾಚರಣೆ; ಅದೇ ತಿಂಗಳ ಕೊನೆಗೆ ಮನಮೋಹನ್ ಸಿಂಗ್ ಅವರು ತೀರಿಕೊಂಡಾಗ ಏಳು ದಿನಗಳದು. ಶೋಕ, ಬಂದ್, ಮಳೆ, ಚುನಾವಣಾ ನೀತಿ ಸಂಹಿತೆ, ಯಾವುದರಿಂದಲೂ ಕಾರ್ಯಕ್ರಮ ಮುಂದೆ ಹೋಗಬಹುದು. ಆ ಗಳಿಗೆಯಲ್ಲಿ ಕೂತು ನಿಯಮ ಬರೆಯಲಾಗುವುದಿಲ್ಲ. ಮುಂದೂಡಿದರೆ ಟಿಕೆಟ್ ಹೊಸ ದಿನಕ್ಕೆ ನಡೆಯುತ್ತದೆಯೋ, ಬರಲಾಗದವರಿಗೆ ಹಣ ಎಷ್ಟು ದಿನದಲ್ಲಿ ವಾಪಸು, ಟಿಕೆಟ್ಟನ್ನು ಬೇರೆಯವರಿಗೆ ಕೊಡಬಹುದೋ, ಮಗುವಿಗೆ ಜ್ವರ ಬಂದರೆ ಸ್ಪರ್ಧೆಯ ಶುಲ್ಕದ ಗತಿ ಏನು, ಇವನ್ನು ಮಾರಾಟ ಶುರುವಾಗುವ ಮೊದಲೇ ನಾಲ್ಕು ಸಾಲಿನಲ್ಲಿ ಬರೆದು ಹಣ ಕಟ್ಟುವ ಗುಂಡಿಯ ಮೇಲ್ಗಡೆ ಇಡಿ. ವಕೀಲರ ಭಾಷೆ ಬೇಡ.

ಮುಂದೂಡಿದಾಗ ಹೊಸ ಪುಟ ಮಾಡಬೇಡಿ. ಹಳೆಯ ಕೊಂಡಿ ನೂರಾರು ಗುಂಪುಗಳಲ್ಲಿ ಓಡಾಡುತ್ತಿರುತ್ತದೆ. ಅದೇ ಪುಟದ ನೆತ್ತಿಯಲ್ಲಿ ಹೊಸ ದಿನಾಂಕವನ್ನು ಹಾಕಿ, ಹಳೆಯದರ ಮೇಲೆ ಗೆರೆ ಎಳೆದು, ಎಂದು ಬದಲಾಯಿಸಿದಿರಿ ಎಂಬುದನ್ನೂ ಬರೆಯಿರಿ.

10. ಮರುದಿನದ ಪುಟ

ಕಾರ್ಯಕ್ರಮ ಮುಗಿದ ಮೇಲೆ ಪುಟವನ್ನು ಅಳಿಸುವವರೇ ಹೆಚ್ಚು. ನೋಂದಣಿಯ ಗುಂಡಿಯನ್ನು ಮಾತ್ರ ತೆಗೆಯಿರಿ, ಮಕ್ಕಳ ವಿವರಗಳನ್ನು ಅಗತ್ಯ ಮುಗಿದ ಮೇಲೆ ಅಳಿಸಿ. ಉಳಿದದ್ದು ಇರಲಿ: ಯಾರು ನರ್ತಿಸಿದರು, ಯಾವ ಕೃತಿ, ನೃತ್ಯ ಸಂಯೋಜನೆ ಯಾರದು, ಹಿಮ್ಮೇಳದಲ್ಲಿ ಯಾರಿದ್ದರು. ಪತ್ರಿಕೆಗಳಲ್ಲಿ ನೃತ್ಯ ವಿಮರ್ಶೆಗೆ ಸಿಗುವ ಜಾಗ ಬಹಳ ಕಡಿಮೆಯಾಗಿರುವ ಈ ಹೊತ್ತಿನಲ್ಲಿ ಎಷ್ಟೋ ಕಲಾವಿದರಿಗೆ ಆ ಸಂಜೆಯ ಬಗ್ಗೆ ಎಲ್ಲರೂ ನೋಡಬಹುದಾದ ಬರಹದ ದಾಖಲೆ ಇದೊಂದೇ ಆಗಿರುತ್ತದೆ. ಅನುದಾನಕ್ಕೆ ಅರ್ಜಿ ಹಾಕುವಾಗ, ಇನ್ನೊಂದು ಉತ್ಸವಕ್ಕೆ ತಮ್ಮ ಪರಿಚಯ ಕಳಿಸುವಾಗ ಅವರು ಕೊಡುವುದು ಈ ಕೊಂಡಿಯನ್ನೇ. ಹಿಮ್ಮೇಳದ ಯುವ ಮೃದಂಗ ವಾದಕರೊಬ್ಬರ ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದರೆ ಕಾರ್ಯಕ್ರಮ ಮುಗಿದು ತಿಂಗಳಾದ ಮೇಲೂ ತಿದ್ದಿಕೊಡಿ. ನಾನು ಮಾಡುವ ಪುಟಗಳ ಕೊನೆಯಲ್ಲಿ ಅದಕ್ಕೆಂದೇ ಒಂದು ಫೋನ್ ನಂಬರ್ ಇರುತ್ತದೆ, ಅದನ್ನು ಎತ್ತುವವರ ಹೆಸರೂ ಇರುತ್ತದೆ.